ಎರಿ ಉಳಿಸಿ ಜೇನು ಮಾತ್ರ: ಪ್ಲೇಟ್‌ಲೆಟ್ ದಾನಕ್ಕೆ ಹೊರಡುವ ಮುನ್ನ

ಮಳೆಗಾಲ ಹಿಡಿದು ಕೆಲವು ವಾರ ಕಳೆಯುವಷ್ಟರಲ್ಲಿ ನಮ್ಮ ಕೊಡಗು ಜಿಲ್ಲೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಬಗೆಯ ಸಂದೇಶಗಳು ಬರತೊಡಗುತ್ತವೆ. "ತುರ್ತಾಗಿ ಪ್ಲೇಟ್‌ಲೆಟ್ ಬೇಕಾಗಿದೆ. ಒ ಪಾಸಿಟಿವ್. ಮೈಸೂರಿನ ಆಸ್ಪತ್ರೆ. ದಯವಿಟ್ಟು ಸಂಪರ್ಕಿಸಿ." ಕೆಳಗೊಂದು ಮೊಬೈಲ್ ಸಂಖ್ಯೆ. ಸೋಮವಾರಪೇಟೆಯಿಂದ ಪೊನ್ನಂಪೇಟೆಯವರೆಗೆ ಅದು ಗುಂಪಿನಿಂದ ಗುಂಪಿಗೆ ದಾಟುತ್ತದೆ. ಓದಿದವರಲ್ಲಿ ಹೋಗಬೇಕೆಂಬ ಮನಸ್ಸು ಇರುವವರು ಬೇಕಾದಷ್ಟು ಮಂದಿ. ಆದರೆ ಇದು ಮಾಮೂಲಿ ರಕ್ತದಾನವೇ, ಬೇರೆಯೇ? ಯಂತ್ರಕ್ಕೆ ಜೋಡಿಸಿ ಗಂಟೆಗಟ್ಟಲೆ ಮಲಗಿಸುತ್ತಾರಂತೆ, ಹೌದೇ? ಮರುದಿನ ತೋಟದ ಕೆಲಸಕ್ಕೆ ಇಳಿಯಬಹುದೇ? ಇವಕ್ಕೆ ಉತ್ತರ ಗೊತ್ತಿಲ್ಲದೆ ಬೆರಳು ಆ ಸಂಖ್ಯೆಯ ಮೇಲೆ ನಿಂತುಬಿಡುತ್ತದೆ.

ನನಗೂ ಹಾಗೆಯೇ ಆಗಿತ್ತು. ಒಂದು ರಾತ್ರಿ ಪಕ್ಕದ ಮನೆಯ ಅಕ್ಕ ಫೋನ್ ಮಾಡಿ, "ನಿನ್ನದೂ ಒ ಪಾಸಿಟಿವ್ ಅಲ್ಲವೇ? ಬೆಳಿಗ್ಗೆ ನಮ್ಮ ಜೊತೆ ಮೈಸೂರಿಗೆ ಬರುತ್ತೀಯಾ?" ಎಂದು ಕೇಳಿದಾಗ ಹೂಂ ಎಂದುಬಿಟ್ಟೆ. ಆಮೇಲೆ ಆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅಲ್ಲಿ ಏನು ನಡೆಯುತ್ತದೆ ಎಂದು ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ ನೆಮ್ಮದಿಯಾಗಿ ಮಲಗುತ್ತಿದ್ದೆ. ಅದಕ್ಕಾಗಿಯೇ ಈ ಬರಹ.

ಮುಳ್ಳು ಗೀರಿದ ಗಾಯ, ಜಿಗಣೆ ಕಚ್ಚಿದ ಗಾಯ

ಮಳೆಯಲ್ಲಿ ತೋಟ ಸುತ್ತಿ ಬಂದವರ ಕಾಲನ್ನು ನೋಡಿ. ಮುಳ್ಳು ಗೀರಿದ ಜಾಗದಲ್ಲಿ ನಾಲ್ಕು ನಿಮಿಷದಲ್ಲಿ ರಕ್ತ ನಿಂತಿರುತ್ತದೆ. ಜಿಗಣೆ ಕಚ್ಚಿದ ಜಾಗ ಅದಕ್ಕಿಂತ ಚಿಕ್ಕದು, ಆದರೂ ಅಲ್ಲಿಂದ ಗಂಟೆಗಟ್ಟಲೆ ಒಸರುತ್ತದೆ. ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುಗಳಿರುವುದೇ ಇದಕ್ಕೆ ಕಾರಣ. ಗಾಯ ಮುಚ್ಚುವ ಕೆಲಸ ನಮ್ಮ ಮೈಯಲ್ಲಿ ದಿನವೂ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಅದಕ್ಕೆ ಅಡ್ಡಿಯಾದಾಗಲೇ ಅದರ ಬೆಲೆ ಕಣ್ಣಿಗೆ ಬೀಳುವುದು.

ಆ ಕೆಲಸಕ್ಕೆ ಮೊದಲು ಓಡಿಬರುವುದು ಪ್ಲೇಟ್‌ಲೆಟ್‌ಗಳು. ಶಾಲೆಯ ಪುಸ್ತಕಗಳಲ್ಲಿ ಇವನ್ನು ಕಿರುತಟ್ಟೆಗಳು ಎಂದು ಓದಿದ ನೆನಪು ಹಲವರಿಗೆ ಇದ್ದೀತು. ಇವು ರಕ್ತದಲ್ಲಿ ತೇಲುವ ಅತಿ ಚಿಕ್ಕ ತುಣುಕುಗಳು. ಕೆಂಪು ರಕ್ತಕಣಕ್ಕಿಂತಲೂ ಬಹಳ ಸಣ್ಣವು. ಮೂಳೆಯ ಒಳಗಿನ ಮಜ್ಜೆಯಲ್ಲಿರುವ ದೊಡ್ಡ ಜೀವಕೋಶಗಳಿಂದ ಚೂರು ಚೂರಾಗಿ ಒಡೆದು ರಕ್ತಕ್ಕೆ ಸೇರುತ್ತವೆ.

ರಕ್ತನಾಳ ಹರಿದಾಗ ಇವು ಮಾಡುವುದನ್ನು ಗದ್ದೆಯ ಏರಿ ಒಡೆದಾಗ ನಾವು ಮಾಡುವ ಕೆಲಸಕ್ಕೆ ಹೋಲಿಸಬಹುದು. ನಾಟಿಯ ಹೊತ್ತಿನಲ್ಲಿ ನೀರು ಏರಿಯನ್ನು ಕಿತ್ತುಕೊಂಡು ಹರಿಯತೊಡಗಿದರೆ ಹತ್ತಿರ ಇದ್ದವರು ಕೈಗೆ ಸಿಕ್ಕ ಮಣ್ಣಿನ ಹೆಂಟೆಯನ್ನು ಮೊದಲು ತುರುಕುತ್ತಾರೆ, ಕೂಗಿ ಇನ್ನಷ್ಟು ಜನರನ್ನು ಕರೆಯುತ್ತಾರೆ, ಆಮೇಲೆ ಸೊಪ್ಪು, ಕಡ್ಡಿ, ಹುಲ್ಲು ಹಾಕಿ ಗಟ್ಟಿ ಮಾಡುತ್ತಾರೆ. ಪ್ಲೇಟ್‌ಲೆಟ್‌ಗಳು ಆ ಮೊದಲ ಹೆಂಟೆಗಳು. ಹರಿದ ಅಂಚಿಗೆ ಅಂಟಿಕೊಳ್ಳುತ್ತವೆ, ರಾಸಾಯನಿಕ ಸಂಕೇತ ಬಿಟ್ಟು ಉಳಿದವನ್ನು ಕರೆಯುತ್ತವೆ, ಒಂದಕ್ಕೊಂದು ಹೆಣೆದು ಬಿರಡೆಯಂತೆ ಕೂರುತ್ತವೆ. ಅದರ ಮೇಲೆ ನೂಲಿನಂತಹ ಪ್ರೋಟೀನ್ ಬಲೆ ನೇಯ್ದು ಹೆಪ್ಪು ಗಟ್ಟಿಯಾಗುತ್ತದೆ.

ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಅಂದರೆ ಒಂದು ಮಿಲಿಲೀಟರಿನ ಸಾವಿರದ ಒಂದು ಪಾಲಿನಲ್ಲಿ, ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಆಸ್ಪತ್ರೆಯಲ್ಲಿ ಎಲ್ಲರೂ 'ಕೌಂಟ್' ಎನ್ನುವುದು ಈ ಸಂಖ್ಯೆಯನ್ನೇ. ಒಂದೊಂದು ಪ್ಲೇಟ್‌ಲೆಟ್ ಬದುಕುವುದು ಸುಮಾರು ಎಂಟರಿಂದ ಹತ್ತು ದಿನ. ಸತ್ತವುಗಳ ಜಾಗ ತುಂಬಲು ನಮ್ಮ ಮೂಳೆಮಜ್ಜೆ ಪ್ರತಿದಿನ ಸುಮಾರು ಹತ್ತು ಸಾವಿರ ಕೋಟಿ ಹೊಸ ಪ್ಲೇಟ್‌ಲೆಟ್‌ಗಳನ್ನು ಮಾಡುತ್ತದೆ. ಈ ಅಂಕಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಡೆಂಗಿ ಮತ್ತು ಕೌಂಟ್‌ನ ಭಯ

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ ಮೇಲೆ 'ಕೌಂಟ್' ಎಂಬ ಮಾತು ಮನೆಮನೆಗೂ ತಲುಪಿತು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವುದು ನಿಜ. ಇಲಿಜ್ವರದಲ್ಲಿಯೂ ಇಳಿಯಬಹುದು. ಆದರೆ ಸಂಖ್ಯೆ ಇಳಿದ ಕೂಡಲೇ ಪ್ಲೇಟ್‌ಲೆಟ್ ಏರಿಸಬೇಕು ಎಂಬುದು ಸರಿಯಲ್ಲ. ರಕ್ತಸ್ರಾವ ಇಲ್ಲದ ಡೆಂಗಿ ರೋಗಿಗೆ ಕೌಂಟ್ 10,000ಕ್ಕಿಂತ ಕೆಳಗೆ ಹೋಗುವವರೆಗೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಕೊಡಬೇಕಾಗಿಲ್ಲ ಎಂಬುದು ಭಾರತದ ಚಿಕಿತ್ಸಾ ಮಾರ್ಗಸೂಚಿಯ ನಿಲುವು. ಸಿಂಗಪುರ ಮತ್ತು ಮಲೇಷ್ಯಾದ ಐದು ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು 20,000 ಅಥವಾ ಅದಕ್ಕೂ ಕಡಿಮೆ ಕೌಂಟ್ ಇದ್ದ ವಯಸ್ಕ ರೋಗಿಗಳನ್ನು ಗಮನಿಸಿತು. ಮುನ್ನೆಚ್ಚರಿಕೆಗಾಗಿ ಪ್ಲೇಟ್‌ಲೆಟ್ ಏರಿಸಿದವರಲ್ಲಿ ರಕ್ತಸ್ರಾವವೇನೂ ಕಡಿಮೆಯಾಗಲಿಲ್ಲ ಎಂದು ಅದು ಕಂಡುಕೊಂಡಿತು.

ಡೆಂಗಿಯಲ್ಲಿ ಹೆಚ್ಚು ಅಪಾಯ ತರುವುದು ರಕ್ತನಾಳಗಳಿಂದ ದ್ರವ ಹೊರಗೆ ಸೋರುವುದು. ಅದೂ ಜ್ವರ ಬಿಟ್ಟು 'ಇನ್ನೇನು ವಾಸಿಯಾಯಿತು' ಎಂದುಕೊಳ್ಳುವ ಒಂದೆರಡು ದಿನಗಳಲ್ಲಿ. ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗಾಗುವುದು, ಮಂಕು ಕವಿಯುವುದು ಕಂಡರೆ ಕೌಂಟ್ ಎಷ್ಟೇ ಇರಲಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕೆಂಪು ಮೂತ್ರವೂ ಎಚ್ಚರಿಕೆಯ ಗುರುತೇ. ಇಲ್ಲಿ ನಮ್ಮ ನಾಡಿಗಷ್ಟೇ ಸೇರಿದ ಒಂದು ಮಾತು ಹೇಳಬೇಕು. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಂಡವರ ಮೂತ್ರ ಹೇಗೂ ಕೆಂಪಾಗುತ್ತದೆ. ಜ್ವರದವರು ಅದನ್ನು ತಿಂದಿದ್ದರೆ ವೈದ್ಯರಿಗೆ ಮರೆಯದೆ ತಿಳಿಸಿ. ಕೊಡಗಿನ ಹೊರಗಿನಿಂದ ಬಂದ ವೈದ್ಯರಿಗೆ ಅದು ಗೊತ್ತಿರಲಿಕ್ಕಿಲ್ಲ.

ಹಾಗಾದರೆ ಪ್ಲೇಟ್‌ಲೆಟ್ ನಿಜವಾಗಿ ಯಾರಿಗೆ ಬೇಕು? ರಕ್ತಸ್ರಾವ ಆಗುತ್ತಿರುವ ಡೆಂಗಿ ರೋಗಿಗಳಿಗೆ ಬೇಕು. ಹೆರಿಗೆ, ಅಪಘಾತ ಅಥವಾ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಬಹಳ ರಕ್ತ ಕಳೆದುಕೊಂಡವರಿಗೆ ಬೇಕು. ಎಲ್ಲಕ್ಕಿಂತ ದೀರ್ಘಕಾಲ ಬೇಕಾಗುವುದು ರಕ್ತದ ಕ್ಯಾನ್ಸರ್ ಇರುವವರಿಗೆ. ಕೀಮೋಥೆರಪಿ ಕ್ಯಾನ್ಸರಿನ ಕೋಶಗಳ ಜೊತೆಗೆ ಮೂಳೆಮಜ್ಜೆಯ ಒಳ್ಳೆಯ ಕೋಶಗಳನ್ನೂ ಕೊಲ್ಲುತ್ತದೆ. ಮಜ್ಜೆ ಚೇತರಿಸಿಕೊಳ್ಳುವವರೆಗೆ ಅವರು ಬೇರೆಯವರ ಪ್ಲೇಟ್‌ಲೆಟ್ ಮೇಲೆಯೇ ಬದುಕಬೇಕು. ವಾರದಲ್ಲಿ ಒಂದಲ್ಲ, ಎರಡು ಮೂರು ಬಾರಿ ಬೇಕಾಗುವುದೂ ಉಂಟು. ಮಳೆ ನಿಂತ ಮೇಲೆ ನಮ್ಮ ಗುಂಪುಗಳ ಸಂದೇಶ ನಿಲ್ಲುತ್ತವೆ, ಆ ವಾರ್ಡುಗಳ ಅಗತ್ಯ ನಿಲ್ಲುವುದಿಲ್ಲ.

ಮೊದಲೇ ಸಂಗ್ರಹಿಸಿ ಇಡಬಾರದೇ?

ಎಲ್ಲರೂ ಕೇಳುವ ಪ್ರಶ್ನೆ. ಕೆಂಪು ರಕ್ತಕಣಗಳನ್ನು ತಣ್ಣನೆಯ ಪೆಟ್ಟಿಗೆಯಲ್ಲಿ, ಬಳಸುವ ದ್ರಾವಣಕ್ಕೆ ತಕ್ಕಂತೆ, 35ರಿಂದ 42 ದಿನ ಇಡಬಹುದು. ಪ್ಲಾಸ್ಮಾವನ್ನು, ಅಂದರೆ ರಕ್ತಕಣಗಳು ತೇಲುವ ದ್ರವವನ್ನು, ಮಂಜುಗಡ್ಡೆಯಂತೆ ಗಟ್ಟಿಯಾಗಿಸಿ ಒಂದು ವರ್ಷ ಇಡಬಹುದು. ಪ್ಲೇಟ್‌ಲೆಟ್ ಬಾಳುವುದು ಐದೇ ದಿನ. ತಣ್ಣಗೆ ಮಾಡಿದರೆ ಅವುಗಳ ಆಕಾರ ಬದಲಾಗಿ, ರೋಗಿಯ ಮೈ ಅವನ್ನು ಬೇಗ ಹೊರಗೆ ಹಾಕಿಬಿಡುತ್ತದೆ. ಆದ್ದರಿಂದ 20ರಿಂದ 24 ಡಿಗ್ರಿ ಉಷ್ಣತೆಯಲ್ಲಿ, ತೊಟ್ಟಿಲಿನಂತೆ ಸದಾ ತೂಗುವ ತಟ್ಟೆಯ ಮೇಲೆ ಇಡುತ್ತಾರೆ. ಆ ಉಷ್ಣತೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿರುವುದರಿಂದ ಐದು ದಿನದ ಗಡಿ.

ಒಂದು ಊರಿನಿಂದ ಇನ್ನೊಂದು ಊರಿಗೆ ಪ್ಲೇಟ್‌ಲೆಟ್ ಚೀಲ ಒಯ್ಯಬೇಕಾಗಿ ಬಂದವರಿಗೆ ಇಲ್ಲಿಯೇ ಒಂದು ಎಚ್ಚರಿಕೆ. ರಕ್ತವೆಂದರೆ ಐಸ್ ಎಂಬ ಅಭ್ಯಾಸದಲ್ಲಿ ಅದನ್ನು ಐಸ್ ಡಬ್ಬಿಯೊಳಗೆ ಹಾಕಬೇಡಿ, ಫ್ರಿಜ್‌ನಲ್ಲಿ ಇಡಬೇಡಿ. ರಕ್ತಕೇಂದ್ರದವರು ಕೊಟ್ಟ ಪೆಟ್ಟಿಗೆಯಲ್ಲಿಯೇ, ಅವರು ಹೇಳಿದಂತೆಯೇ ಒಯ್ಯಿರಿ.

ಐದು ದಿನ ಮಾತ್ರ ಬಾಳುವ ವಸ್ತುವನ್ನು ಯಾವ ಕೇಂದ್ರವೂ ಹೆಚ್ಚು ಕೂಡಿಡಲಾರದು. ಆದ್ದರಿಂದಲೇ ದಾನಿಯನ್ನೇ ಕರೆಸುತ್ತಾರೆ. ನಮಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಸಂಪಾಜೆ ಘಾಟಿ ಇಳಿದು ಮಂಗಳೂರು ಸುಮಾರು 140. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಆ ಘಾಟಿ ಮುಚ್ಚಿದಾಗ ರಸ್ತೆ ಎಂದರೆ ಏನೆಂದು ನಮಗೆಲ್ಲ ತಿಳಿಯಿತು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತನಿಧಿ ಇದೆ. ಆದರೆ ರಕ್ತನಿಧಿ ಇರುವ ಕಡೆಯಲ್ಲೆಲ್ಲ ಪ್ಲೇಟ್‌ಲೆಟ್ ಬೇರ್ಪಡಿಸುವ ಯಂತ್ರ ಇರುವುದಿಲ್ಲ. ಯಾವ ಕೇಂದ್ರಕ್ಕೆ ಬರಬೇಕು, ಎಷ್ಟು ಹೊತ್ತಿಗೆ ಯಂತ್ರ ಖಾಲಿ ಇರುತ್ತದೆ ಎಂದು ನೇರವಾಗಿ ಆ ಕೇಂದ್ರಕ್ಕೇ ಫೋನ್ ಮಾಡಿ ಕೇಳಿಕೊಂಡು ಹೊರಡಿ. ಫಾರ್ವರ್ಡ್ ಆದ ಸಂದೇಶ ಹಲವು ಬಾರಿ ಎರಡು ದಿನ ಹಳೆಯದಾಗಿರುತ್ತದೆ.

ಎರಡು ದಾರಿ

ಪ್ಲೇಟ್‌ಲೆಟ್ ಎರಡು ರೀತಿಯಲ್ಲಿ ಸಿಗುತ್ತದೆ. ಶಿಬಿರಗಳಲ್ಲಿ ನಾವು ಕೊಡುವ 350 ಅಥವಾ 450 ಮಿಲಿಲೀಟರ್ ರಕ್ತವನ್ನು ಕೇಂದ್ರಕ್ಕೆ ಒಯ್ದು ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಡಿಸುತ್ತಾರೆ. ಹಾಗೆ ಸಿಗುವ ಚಿಕ್ಕ ಚೀಲಕ್ಕೆ ಆರ್‌ಡಿಪಿ ಎನ್ನುತ್ತಾರೆ. ಒಂದು ಚೀಲದಿಂದ ವಯಸ್ಕ ರೋಗಿಯ ಕೌಂಟ್ ಐದರಿಂದ ಹತ್ತು ಸಾವಿರದಷ್ಟು ಏರಬಹುದು. ಸಾಕಾಗುವಷ್ಟು ಆಗಬೇಕಾದರೆ ಐದಾರು ಬೇರೆ ಬೇರೆ ದಾನಿಗಳ ಚೀಲ ಬೇಕು.

ಇನ್ನೊಂದು ದಾರಿಯಲ್ಲಿ ಒಬ್ಬರೇ ದಾನಿಯಿಂದ, ಯಂತ್ರದ ಮೂಲಕ, ಪ್ಲೇಟ್‌ಲೆಟ್ ಮಾತ್ರ ತೆಗೆದುಕೊಳ್ಳುತ್ತಾರೆ. ಇದೇ ಎಸ್‌ಡಿಪಿ, ಈ ವಿಧಾನದ ಹೆಸರು ಅಫೆರೆಸಿಸ್. ಇಂತಹ ಒಂದು ಚೀಲದಲ್ಲಿ ಕನಿಷ್ಠ ಮೂವತ್ತು ಸಾವಿರ ಕೋಟಿ ಪ್ಲೇಟ್‌ಲೆಟ್‌ಗಳಿರುತ್ತವೆ. ಕೌಂಟ್ ಮೂವತ್ತರಿಂದ ಅರವತ್ತು ಸಾವಿರ ಏರಬಹುದು. ಪದೇ ಪದೇ ಪ್ಲೇಟ್‌ಲೆಟ್ ಪಡೆಯುವ ರೋಗಿಗೆ ಆರು ಜನರ ಬದಲು ಒಬ್ಬರದೇ ಹೋದರೆ ಒಳ್ಳೆಯದು, ಏಕೆಂದರೆ ಹಲವರ ರಕ್ತ ಸೇರಿದಷ್ಟೂ ಮೈ ಅದನ್ನು ಪರಕೀಯವೆಂದು ಗುರುತಿಸಿ ತಿರಸ್ಕರಿಸುವ ಸಾಧ್ಯತೆ ಹೆಚ್ಚು.

ಭಾಗಮಂಡಲದ ಕಡೆ ಜೇನು ಸಾಕುವವರ ಮನೆಯಲ್ಲಿ ಜೇನು ತೆಗೆಯುವುದನ್ನು ನೋಡಿದ್ದರೆ ಈ ಯಂತ್ರ ನಿಮಗೆ ಅರ್ಧ ಅರ್ಥವಾದಂತೆಯೇ. ಪೆಟ್ಟಿಗೆಯಿಂದ ಎರಿಯ ಚೌಕಟ್ಟನ್ನು ಎತ್ತಿ, ಮೇಲಿನ ಮೇಣವನ್ನು ಚಾಕುವಿನಿಂದ ಸವರಿ, ಡ್ರಮ್ಮಿನಂತಹ ಯಂತ್ರದೊಳಗೆ ನಿಲ್ಲಿಸಿ ಹಿಡಿ ತಿರುಗಿಸುತ್ತಾರೆ. ತಿರುಗುವ ರಭಸಕ್ಕೆ ಜೇನು ಸಿಡಿದು ಗೋಡೆಗೆ ಬಡಿದು ಕೆಳಗಿಳಿಯುತ್ತದೆ. ಎರಿ ಮುರಿಯುವುದಿಲ್ಲ. ಅದನ್ನು ಮತ್ತೆ ಪೆಟ್ಟಿಗೆಗೇ ಇಳಿಸುತ್ತಾರೆ, ಹುಳುಗಳು ಅದೇ ಎರಿಯಲ್ಲಿ ಮತ್ತೆ ಜೇನು ತುಂಬುತ್ತವೆ. ಅಫೆರೆಸಿಸ್ ಯಂತ್ರವೂ ರಕ್ತವನ್ನು ವೇಗವಾಗಿ ತಿರುಗಿಸುತ್ತದೆ. ಭಾರವಾದ ಕೆಂಪುಕಣಗಳು ಹೊರಗಿನ ಅಂಚಿಗೆ ಸರಿಯುತ್ತವೆ, ಹಗುರವಾದ ಪ್ಲಾಸ್ಮಾ ಒಳಗೆ ನಿಲ್ಲುತ್ತದೆ, ಇವೆರಡರ ನಡುವಿನ ತೆಳು ಪದರದಲ್ಲಿ ಪ್ಲೇಟ್‌ಲೆಟ್ ಸಿಗುತ್ತದೆ. ಆ ಪದರವನ್ನು ಸ್ವಲ್ಪ ಪ್ಲಾಸ್ಮಾ ಸಮೇತ ಚೀಲಕ್ಕೆ ಹರಿಸಿ, ಉಳಿದದ್ದನ್ನು ನಿಮ್ಮ ಮೈಗೇ ಮರಳಿಸುತ್ತದೆ. ಕೆಂಪುಕಣಗಳು ನಿಮ್ಮಲ್ಲಿಯೇ ಉಳಿಯುವುದರಿಂದ ರಕ್ತದಾನದ ನಂತರ ಕೆಲವರಿಗೆ ಕಾಣುವ ಸುಸ್ತು ಇಲ್ಲಿ ಕಡಿಮೆ.

ಯಾರು ಕೊಡಬಹುದು

ವಯಸ್ಸು 18ರಿಂದ 60, ತೂಕ 50 ಕಿಲೋಗಿಂತ ಹೆಚ್ಚು, ಹಿಮೋಗ್ಲೋಬಿನ್ ಕನಿಷ್ಠ 12.5, ಪ್ಲೇಟ್‌ಲೆಟ್ ಕೌಂಟ್ 1.5 ಲಕ್ಷಕ್ಕಿಂತ ಮೇಲೆ. ಇವು ಮೂಲ ನಿಯಮಗಳು. ಡೆಂಗಿ ಬಂದು ಪೂರ್ತಿ ಗುಣವಾದವರು ಆರು ತಿಂಗಳು ಕಾಯಬೇಕು. ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷ. ಗರ್ಭಿಣಿಯರು ಮತ್ತು ಎದೆಹಾಲು ಕುಡಿಸುವ ತಾಯಂದಿರು ಕೊಡುವಂತಿಲ್ಲ. ಜ್ವರ, ಶೀತ, ಹೊಟ್ಟೆ ಕೆಟ್ಟಿರುವುದು ಇದ್ದರೆ ಆ ದಿನ ಬೇಡ.

ಮಾತ್ರೆಯ ವಿಷಯಕ್ಕೆ ಹೆಚ್ಚು ಗಮನ ಕೊಡಬೇಕು. ಕಳೆದ ಮೂರು ದಿನಗಳಲ್ಲಿ ಆಸ್ಪಿರಿನ್ ನುಂಗಿದ್ದರೆ ಪ್ಲೇಟ್‌ಲೆಟ್ ದಾನ ಸಲ್ಲದು. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಸಾಯುವವರೆಗೂ ಅಂಟುವ ಶಕ್ತಿಯನ್ನು ಸರಿಯಾಗಿ ಪಡೆಯುವುದಿಲ್ಲ. ತನ್ನನ್ನು ದುರಸ್ತಿ ಮಾಡಿಕೊಳ್ಳಲು ಬೇಕಾದ ಕೋಶಕೇಂದ್ರವೇ ಅದಕ್ಕಿಲ್ಲ. ಚೀಲ ತುಂಬಿದಂತೆ ಕಂಡರೂ ರೋಗಿಗೆ ಕೆಲಸಕ್ಕೆ ಬಾರದು. ಸೊಂಟನೋವು, ಮಂಡಿನೋವಿಗೆ ಔಷಧದ ಅಂಗಡಿಯಿಂದ ತಂದು ನುಂಗುವ ಹಲವು ಮಾತ್ರೆಗಳೂ ಪ್ಲೇಟ್‌ಲೆಟ್‌ನ ಶಕ್ತಿ ಕುಗ್ಗಿಸಬಲ್ಲವು. ಹೆಸರು ಗೊತ್ತಿಲ್ಲದಿದ್ದರೆ ಮಾತ್ರೆಯ ಖಾಲಿ ಪಟ್ಟಿಯನ್ನೇ ಜೇಬಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಹೃದಯಕ್ಕಾಗಿ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ದಾನಕ್ಕೆಂದು ನೀವಾಗಿಯೇ ನಿಲ್ಲಿಸಬೇಡಿ.

ರಕ್ತದ ಗುಂಪಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. 'ಒ ಗುಂಪಿನವರು ಯಾರಿಗೆ ಬೇಕಾದರೂ ಕೊಡಬಹುದು' ಎಂಬ ಮಾತು ಕೆಂಪುಕಣಗಳಿಗೆ ಅನ್ವಯಿಸುವಂಥದ್ದು. ಪ್ಲೇಟ್‌ಲೆಟ್ ಬರುವುದು ಪ್ಲಾಸ್ಮಾದಲ್ಲಿ ತೇಲಿಕೊಂಡು. ಒ ಗುಂಪಿನವರ ಪ್ಲಾಸ್ಮಾದಲ್ಲಿ ಎ ಮತ್ತು ಬಿ ಗುಂಪಿನ ಕೆಂಪುಕಣಗಳ ವಿರುದ್ಧದ ಪ್ರತಿಕಾಯಗಳಿರುತ್ತವೆ. ಆದ್ದರಿಂದ ಸಾಧ್ಯವಾದಷ್ಟು ರೋಗಿಯದೇ ಗುಂಪಿನವರನ್ನು ಹುಡುಕುತ್ತಾರೆ. ಸಿಗದಿದ್ದಾಗ ಬೇರೆ ಗುಂಪು ಸರಿಹೋದೀತೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ಇನ್ನೊಂದು ಅಡ್ಡಿ ತೋಳಿನ ನರದ್ದು. ಮೊಣಕೈ ಮಡಚುವ ಜಾಗದ ರಕ್ತನಾಳ ಒಂದು ಗಂಟೆಗೂ ಹೆಚ್ಚು ಕಾಲ ಒಂದೇ ಸಮನೆ ಹರಿಯುವಷ್ಟು ದಪ್ಪವಿರಬೇಕು. ಕೌಂಟ್ ಮೂರು ಲಕ್ಷ ಇದ್ದವರನ್ನೂ ನರ ತೆಳ್ಳಗಿದೆ ಎಂದು ವಾಪಸು ಕಳಿಸುವುದುಂಟು. ಹಾಗಾದರೆ ಬೇಸರ ಬೇಡ. ಅವರು ಮಾಮೂಲಿ ರಕ್ತದಾನ ಮಾಡಬಹುದು. ಹೀಗೆ ಆಗಬಹುದೆಂದೇ ದೂರದಿಂದ ಹೊರಡುವಾಗ ಒಬ್ಬರ ಬದಲು ಇಬ್ಬರು ಮೂವರು ದಾನಿಗಳು ಒಟ್ಟಿಗೆ ಹೋಗುವುದು ಜಾಣತನ. ಅಂದು ನಮ್ಮ ಜೀಪಿನಲ್ಲಿ ನಾಲ್ವರು ಹೋಗಿದ್ದೆವು. ಆಯ್ಕೆಯಾದದ್ದು ಇಬ್ಬರು.

ಆ ದಿನ

ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಮದ್ಯ ಬೇಡ. ಪಂದಿಕರಿಯೂ ಆ ರಾತ್ರಿ, ಮರುದಿನ ಬೆಳಿಗ್ಗೆ ಬೇಡ. ಕೊಬ್ಬು ಹೆಚ್ಚಿರುವ ಊಟವಾದರೆ ಪ್ಲಾಸ್ಮಾ ಹಾಲಿನಂತೆ ಮಸುಕಾಗಿ, ಅದರಲ್ಲಿ ತೇಲುವ ಪ್ಲೇಟ್‌ಲೆಟ್ ಬಳಸಲು ಬಾರದೆ ಹೋಗಬಹುದು. ಹಾಗೆಂದು ಖಾಲಿ ಹೊಟ್ಟೆಯಲ್ಲಿ ಹೋಗಲೇಬೇಡಿ. ಅಕ್ಕಿರೊಟ್ಟಿ, ಕಡಂಬುಟ್ಟು, ಇಡ್ಲಿ ಯಾವುದಾದರೂ ಆದೀತು, ಜೊತೆಗೆ ಒಂದು ಲೋಟ ಹಾಲು. ನೀರನ್ನು ಹಿಂದಿನ ದಿನದಿಂದಲೇ ಹೆಚ್ಚು ಕುಡಿಯಿರಿ. ನರ ತುಂಬಿಕೊಂಡಿದ್ದರೆ ಸೂಜಿ ಹಾಕುವುದು ಸುಲಭ. ಕಾಫಿ ಕುಡಿದದ್ದು ನೀರಿನ ಲೆಕ್ಕಕ್ಕೆ ಸಾಲದು.

ಕೇಂದ್ರದಲ್ಲಿ ಮೊದಲು ಒಂದು ಪ್ರಶ್ನಾವಳಿ. ಕಾಯಿಲೆ, ಮಾತ್ರೆ, ಶಸ್ತ್ರಚಿಕಿತ್ಸೆ, ಖಾಸಗಿ ಬದುಕಿನ ಕೆಲವು ವಿಷಯಗಳನ್ನೂ ಕೇಳುತ್ತಾರೆ. ಸಂಬಂಧಿಕರು ಪಕ್ಕದಲ್ಲಿದ್ದಾರೆಂದು ಮುಚ್ಚಿಡಬೇಡಿ. ವೈದ್ಯರೊಡನೆ ಒಬ್ಬರೇ ಮಾತನಾಡಬೇಕೆಂದು ಕೇಳಬಹುದು, ಕೇಳುವುದು ನಿಮ್ಮ ಹಕ್ಕು. ನಂತರ ತೂಕ, ರಕ್ತದೊತ್ತಡ, ನರದ ಪರೀಕ್ಷೆ, ಒಂದೆರಡು ಚಿಕ್ಕ ಸೀಸೆ ರಕ್ತ. ಅದರಲ್ಲಿ ಕೌಂಟ್ ಮತ್ತು ಗುಂಪಿನ ಜೊತೆಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ನಡೆಯುತ್ತದೆ. ಹಲವು ಕಡೆ ಫಲಿತಾಂಶ ಬಂದ ಮೇಲೆಯೇ ಯಂತ್ರಕ್ಕೆ ಕರೆಯುವುದರಿಂದ ಎರಡು ಮೂರು ಗಂಟೆ ಕಾಯಬೇಕಾಗುತ್ತದೆ. ಹೊಸಬರಿಗೆ ಭಯ ಹೆಚ್ಚುವುದು ಈ ಕಾಯುವಿಕೆಯಲ್ಲಿಯೇ. ಮಲಗುವ ಮೊದಲು ಶೌಚಾಲಯಕ್ಕೆ ಹೋಗಿಬನ್ನಿ, ನಡುವೆ ಏಳಲಾಗುವುದಿಲ್ಲ.

ಒರಗುಕುರ್ಚಿಯಲ್ಲಿ ಮಲಗಿಸಿ ತೋಳನ್ನು ಒರಸಿ ಸೂಜಿ ಹಾಕುತ್ತಾರೆ. ಮಾಮೂಲಿ ಇಂಜೆಕ್ಷನ್ ಸೂಜಿಗಿಂತ ದಪ್ಪ, ಚುಚ್ಚಿದ ಕ್ಷಣ ನೋಯುತ್ತದೆ. ಆಮೇಲೆ ನೋವಿರುವುದಿಲ್ಲ. ಕೆಲವು ಯಂತ್ರಗಳು ಒಂದೇ ತೋಳಿನಿಂದ ತೆಗೆದು ಅದೇ ತೋಳಿಗೆ ಮರಳಿಸುತ್ತವೆ, ಕೆಲವಕ್ಕೆ ಎರಡೂ ತೋಳು ಬೇಕು. ರಕ್ತ ಹರಿಯುವ ಕೊಳವೆ, ತಿರುಗುವ ಬಟ್ಟಲು, ಚೀಲ ಎಲ್ಲವೂ ಸೇರಿದ ಕಿಟ್ ಹೊಸದು. ನಿಮ್ಮೆದುರೇ ಒಡೆದು ಜೋಡಿಸಿ, ಕೆಲಸ ಮುಗಿದ ಮೇಲೆ ನಾಶ ಮಾಡುತ್ತಾರೆ. ನಿಮ್ಮ ರಕ್ತ ಯಂತ್ರದ ಭಾಗಗಳನ್ನು ಮುಟ್ಟುವುದೇ ಇಲ್ಲ. ಇನ್ನೊಬ್ಬರ ಕಾಯಿಲೆ ತಗಲೀತೆಂಬ ಹೆದರಿಕೆಗೆ ಕಾರಣವಿಲ್ಲ.

ಒಂದೇ ತೋಳಿನ ಯಂತ್ರವಾದರೆ ಅದರ ಲಯ ಬೇಗ ಅಭ್ಯಾಸವಾಗುತ್ತದೆ. ಎಳೆಯುವಾಗ ತೋಳಿನ ಪಟ್ಟಿ ಬಿಗಿಯುತ್ತದೆ, ಕೈಯಲ್ಲಿರುವ ಮೆತ್ತನೆಯ ಚೆಂಡನ್ನು ಹಿಸುಕುತ್ತಿರಬೇಕು. ಮರಳಿಸುವಾಗ ಪಟ್ಟಿ ಸಡಿಲವಾಗುತ್ತದೆ, ಕೈಗೆ ವಿಶ್ರಾಂತಿ. ಹೀಗೆ ಹಲವು ಸುತ್ತು. ಒಟ್ಟು ಒಂದರಿಂದ ಒಂದೂವರೆ ಗಂಟೆ, ಕೆಲವೊಮ್ಮೆ ಎರಡು. ಚೀಲದಲ್ಲಿ ಸೇರುವುದು ಕೆಂಪು ರಕ್ತವಲ್ಲ, ಹುಲ್ಲಿನ ಬಣ್ಣದ ತಿಳಿ ಹಳದಿ ದ್ರವ. ಮೊದಲ ಸಲ ಅದನ್ನು ನೋಡಿದಾಗ ನನಗೆ ನಂಬಲಾಗಲಿಲ್ಲ.

ಮರಳಿ ಬರುವ ರಕ್ತ ಹೊರಗೆ ಸುತ್ತಿ ಸ್ವಲ್ಪ ತಣ್ಣಗಾಗಿರುವುದರಿಂದ ಚಳಿಯಾಗಬಹುದು. ಸ್ವೆಟರ್ ಅಥವಾ ಹೊದಿಕೆ ಜೊತೆಗಿರಲಿ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಎನ್ನಿಸುವುದು ಸಾಮಾನ್ಯ. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಯಂತ್ರ ಸಿಟ್ರೇಟ್ ಎಂಬ ದ್ರಾವಣ ಬೆರೆಸುತ್ತದೆ. ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು. ಸಿಟ್ರೇಟ್ ಆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಸ್ವಲ್ಪ ಪಾಲು ರಕ್ತದ ಜೊತೆ ನಿಮ್ಮೊಳಗೂ ಬರುವುದರಿಂದ ಕೆಲ ಹೊತ್ತು ಕ್ಯಾಲ್ಸಿಯಂ ಕಡಿಮೆಯಾದಂತಾಗಿ ಈ ಜೋಮು. ಅನಿಸಿದ ಕೂಡಲೇ ಸಿಬ್ಬಂದಿಗೆ ಹೇಳಿ. ಯಂತ್ರದ ವೇಗ ತಗ್ಗಿಸುತ್ತಾರೆ, ಕ್ಯಾಲ್ಸಿಯಂ ಮಾತ್ರೆ ಚಪ್ಪರಿಸಲು ಕೊಡುತ್ತಾರೆ, ನಿಮಿಷಗಳಲ್ಲಿ ಸರಿಹೋಗುತ್ತದೆ. ಸಂಕೋಚಪಟ್ಟು ತಡೆದುಕೊಳ್ಳುವುದು ಮಾತ್ರ ತಪ್ಪು; ಹೆಚ್ಚಾದರೆ ಕೈ ಸೆಟೆದುಕೊಳ್ಳಬಹುದು. ತಲೆಸುತ್ತು ಬಂದರೂ ಅಷ್ಟೇ, ಆ ಕ್ಷಣವೇ ಹೇಳಬೇಕು.

ನಂತರ

ಸೂಜಿ ತೆಗೆದ ಮೇಲೆ ತೋಳನ್ನು ಮಡಚದೆ ಹತ್ತಿಯನ್ನು ಒತ್ತಿ ಹಿಡಿಯಿರಿ. ಹದಿನೈದು ಇಪ್ಪತ್ತು ನಿಮಿಷ ಅಲ್ಲಿಯೇ ಕುಳಿತು ಅವರು ಕೊಟ್ಟದ್ದನ್ನು ತಿಂದು ಕುಡಿದು ಏಳಿ. ಚುಚ್ಚಿದ ಜಾಗ ನೀಲಿಗಟ್ಟಿದರೆ ವಾರ ಹತ್ತು ದಿನದಲ್ಲಿ ಮಾಯುತ್ತದೆ. ಊತ ಹೆಚ್ಚುತ್ತಿದ್ದರೆ ಅಥವಾ ತೋಳು ಮರಗಟ್ಟಿದರೆ ಕೇಂದ್ರಕ್ಕೆ ಫೋನ್ ಮಾಡಿ. ಅಂದು ಆ ಕೈಯಲ್ಲಿ ಭಾರ ಎತ್ತಬೇಡಿ. ಕರಿಮೆಣಸು ಕೊಯ್ಯಲು ಏಣಿ ಹತ್ತುವುದು, ನೆರಳಿನ ಮರದ ಕೊಂಬೆ ಕಡಿಯುವುದು ಅಂದಿಗೆ ಬೇಡವೇ ಬೇಡ. ಮರುದಿನ ಸಾಮಾನ್ಯವಾಗಿ ಎಲ್ಲ ಕೆಲಸವನ್ನೂ ಮಾಡಬಹುದು. ವಾಪಸು ಬರುವಾಗ ಗಾಡಿ ಇನ್ನೊಬ್ಬರು ಓಡಿಸಲಿ.

ಈಗ ಆ ಹತ್ತು ಸಾವಿರ ಕೋಟಿಯ ಲೆಕ್ಕ. ನೀವು ಕೊಟ್ಟದ್ದು ಸುಮಾರು ಮೂವತ್ತು ಸಾವಿರ ಕೋಟಿ. ಎರಡೂವರೆ ಲಕ್ಷ ಇದ್ದ ಕೌಂಟ್ ಎರಡು ಲಕ್ಷದ ಆಸುಪಾಸಿಗೆ ಇಳಿದೀತು. ಅಷ್ಟರಿಂದ ನಿಮಗೆ ರಕ್ತಸ್ರಾವದ ಅಪಾಯವಿಲ್ಲ. ಗುಲ್ಮದಲ್ಲಿ ದಾಸ್ತಾನಿರುವ ಪ್ಲೇಟ್‌ಲೆಟ್‌ಗಳು ಹೊರಬರುತ್ತವೆ, ಮಜ್ಜೆ ತನ್ನ ಕೆಲಸ ನಡೆಸುತ್ತದೆ, ಕೆಲವೇ ದಿನಗಳಲ್ಲಿ ಕೌಂಟ್ ಮೊದಲಿನ ಮಟ್ಟಕ್ಕೆ ಬರುತ್ತದೆ.

ಹಣದ ವಿಷಯವೂ ಸ್ಪಷ್ಟವಿರಲಿ. ಹಣಕ್ಕೆ ರಕ್ತ ಕೊಡುವುದನ್ನು ಸುಪ್ರೀಂ ಕೋರ್ಟ್‌ನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. ರೋಗಿಯ ಮನೆಯವರು ಕೇಂದ್ರಕ್ಕೆ ಕಟ್ಟುವ ಮೊತ್ತ ಕಿಟ್, ಪರೀಕ್ಷೆ, ಸಂಸ್ಕರಣೆಯ ವೆಚ್ಚ. ಆ ಕಿಟ್ ದುಬಾರಿಯಾದ್ದರಿಂದಲೇ ಎಸ್‌ಡಿಪಿಗೆ ಖರ್ಚು ಹೆಚ್ಚು. ದಾನಿ ಕೊಡಿಸುತ್ತೇನೆಂದು ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಮತ್ತೆ ಯಾವಾಗ?

ಎರಡು ಪ್ಲೇಟ್‌ಲೆಟ್ ದಾನಗಳ ನಡುವೆ ಕನಿಷ್ಠ 48 ಗಂಟೆ, ವಾರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ, ವರ್ಷಕ್ಕೆ 24ಕ್ಕಿಂತ ಹೆಚ್ಚಿಲ್ಲ. ಮಾಮೂಲಿ ರಕ್ತದಾನ ಮಾಡಿದ್ದರೆ 28 ದಿನ ಕಳೆದ ಮೇಲೆ ಪ್ಲೇಟ್‌ಲೆಟ್ ಕೊಡಬಹುದು. ಪ್ಲೇಟ್‌ಲೆಟ್ ಕೊಟ್ಟು, ಕೆಂಪುಕಣಗಳೆಲ್ಲ ಸರಿಯಾಗಿ ಮರಳಿದ್ದರೆ, 28 ದಿನದ ಮೇಲೆ ರಕ್ತ ಕೊಡಬಹುದು. ಇದು ಕಾನೂನಿನ ಗರಿಷ್ಠ ಮಿತಿ, ಪ್ರತಿಸಲವೂ ಕೌಂಟ್ ನೋಡಿಯೇ ಮುಂದುವರಿಯುತ್ತಾರೆ.

ನನ್ನನ್ನು ಎರಡನೆಯ ಸಲ ಕರೆದದ್ದು ಮಳೆಗಾಲದಲ್ಲಲ್ಲ, ಕಾಫಿ ಹೂ ಬಿಟ್ಟಿದ್ದ ಬೇಸಿಗೆಯಲ್ಲಿ. ಡೆಂಗಿಯ ಮಾತೇ ಇಲ್ಲದ ಹೊತ್ತು. ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿದ್ದ ಒಂದು ಮಗುವಿಗೆ ಬೇಕಿತ್ತು. ಮೊದಲ ಸಲ ಹೊರಡುವಾಗ ಕೇಂದ್ರದವರು ಮತ್ತೆ ಕರೆಯಬಹುದೇ ಎಂದು ಕೇಳಿ ಗುಂಪು, ಕೌಂಟ್, ಫೋನ್ ಸಂಖ್ಯೆ ಬರೆದುಕೊಂಡಿದ್ದರು. ಊರಿನಿಂದ ಮೈಸೂರು ತಲುಪಲು ನನಗೆ ಎಷ್ಟು ಗಂಟೆ ಬೇಕೆಂಬುದನ್ನೂ ಆಗಲೇ ಬರೆಸಿದ್ದೆ. ನಿಮ್ಮ ಹೆಸರನ್ನು ಬರೆಸುವಾಗಲೂ ಅದನ್ನು ಹೇಳಿ. ಕೊಡಗಿನವರನ್ನು ಬೆಳಿಗ್ಗೆಯ ಯಂತ್ರಕ್ಕೆ ಕರೆಸಬೇಕಾದರೆ ಹಿಂದಿನ ಸಂಜೆಯೇ ಫೋನ್ ಮಾಡಬೇಕೆಂದು ಅವರಿಗೆ ಗೊತ್ತಾಗುತ್ತದೆ.